ಚಿಟ್ಟೆ ಚಾವಣಿಯ ಕೆಳಗೆ ಅಮ್ಮ ಕೇಳಿದ್ದು

ಕ್ಯಾಲಿಫೋರ್ನಿಯದ ಮರುಭೂಮಿಯ ಊರಾದ ಪಾಮ್ ಸ್ಪ್ರಿಂಗ್ಸ್‌ನ ಆ ಮನೆಯಲ್ಲಿ ಅಮ್ಮ ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ನಾನು ತಕ್ಷಣ ಒಂದು ಸುಳ್ಳು ಉತ್ತರ ಕೊಟ್ಟೆ. ಬೇಕೆಂದು ಹೇಳಿದ ಸುಳ್ಳಲ್ಲ ಅದು. ಆದರೆ ಮಾತು ಬಾಯಿಂದ ಹೊರಬೀಳುವಷ್ಟರಲ್ಲೇ ಅದು ನಿಜವಲ್ಲವೆಂದು ನನಗೆ ಗೊತ್ತಾಗಿತ್ತು. ತಿದ್ದಿಕೊಳ್ಳಲು ಸುತ್ತ ಜನರಿದ್ದರು, ಮನೆ ತೋರಿಸುತ್ತಿದ್ದ ಹಿರಿಯರು ಆಗಲೇ ಅಡುಗೆಮನೆಯ ಕಡೆಗೆ ಹೆಜ್ಜೆ ಹಾಕಿದ್ದರು, ನಾನೂ ಅವರ ಹಿಂದೆ ಹೊರಟುಬಿಟ್ಟೆ. ಅಂದಿನಿಂದ ಆ ಪ್ರಶ್ನೆ ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ನನ್ನನ್ನು ಒತ್ತುತ್ತಲೇ ಇದೆ.

ಅದು 2025ರ ಫೆಬ್ರವರಿಯ ಒಂದು ಶನಿವಾರ. ಪ್ರತಿವರ್ಷ ಆ ತಿಂಗಳಲ್ಲಿ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಮಾಡರ್ನಿಸಂ ವೀಕ್ ಎಂಬ, ಇಪ್ಪತ್ತನೆಯ ಶತಮಾನದ ನಡುಭಾಗದ ಆಧುನಿಕ ವಾಸ್ತುಶಿಲ್ಪದ ಹನ್ನೊಂದು ದಿನಗಳ ಉತ್ಸವ ನಡೆಯುತ್ತದೆ. 2006ರಲ್ಲಿ ಸಣ್ಣದಾಗಿ ಶುರುವಾದದ್ದು ಈಗ ದೊಡ್ಡ ಜಾತ್ರೆಯಾಗಿದೆ. ಊರಿನ ಹಳೆಯ ಮನೆಗಳು ಆ ದಿನಗಳಲ್ಲಿ ಟಿಕೆಟ್ ಕೊಂಡವರಿಗೆ ಬಾಗಿಲು ತೆರೆಯುತ್ತವೆ, ಎರಡಂತಸ್ತಿನ ಬಸ್ಸುಗಳು ಜನರನ್ನು ಬೀದಿ ಬೀದಿ ಸುತ್ತಿಸುತ್ತವೆ. ಹಳೆಯ ಮನೆ ಎಂದೆನಲ್ಲ, ನಮ್ಮ ಕಡೆಯ ಲೆಕ್ಕದಲ್ಲಿ ಅವು ಹಳೆಯವೇ ಅಲ್ಲ. ಹೆಚ್ಚಿನವು 1946ರಿಂದ 1969ರ ನಡುವೆ ಕಟ್ಟಿದವು. ಅಮ್ಮನಿಗಿಂತ ಚಿಕ್ಕ ವಯಸ್ಸಿನವೂ ಬೇಕಾದಷ್ಟಿವೆ. ನಾನು ಅರ್ವೈನ್‌ನಲ್ಲಿ ನೆಲೆಸಿ ಹದಿನೆಂಟು ವರ್ಷವಾಯಿತು. ಕಾರಿನಲ್ಲಿ ಎರಡು ಗಂಟೆಯ ದಾರಿಯಾದ್ದರಿಂದ ನಾಲ್ಕೈದು ಸಲವಾದರೂ ಈ ಜಾತ್ರೆಗೆ ಹೋಗಿದ್ದೇನೆ. ಕಣಿವೆಯ ಬಾಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ದಾಟಿ, ಬಲಕ್ಕೆ ಮೂರು ಸಾವಿರದ ಮುನ್ನೂರು ಮೀಟರ್ ಎತ್ತರದ ಸ್ಯಾನ್ ಹಸಿಂಟೊ ಶಿಖರ ಗೋಡೆಯಂತೆ ಎದ್ದು ನಿಂತದ್ದು ಕಂಡಾಗ ನನಗೆ ಪ್ರತಿ ಸಲವೂ ಮೈ ಹಗುರಾಗುತ್ತದೆ. ಈ ಸಲ ಜೊತೆಗೆ ಮೈಸೂರಿನಿಂದ ಬಂದ ಅಮ್ಮ ಇದ್ದಳು.

ಆ ಮನೆಯಲ್ಲಿ ಎಲ್ಲರಿಗೂ ಆಸ್ಪತ್ರೆಯ ಒಳಕೋಣೆಯಲ್ಲಿ ಕೊಡುವಂಥ ನೀಲಿ ಬಟ್ಟೆಯ ಕಾಲುಚೀಲ ಕೊಟ್ಟಿದ್ದರು, ಬೂಟಿನ ಮೇಲೆ ಹಾಕಿಕೊಳ್ಳಲು. ಅಮ್ಮ ಅದನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಬರಿಗಾಲಲ್ಲಿ ಒಳಗೆ ಬಂದಿದ್ದಳು. ಅಡಿಯಿಂದ ಮುಡಿಯವರೆಗೆ ಗಾಜಿನ ಗೋಡೆ, ಅದರಾಚೆ ಈಜುಕೊಳ, ಕೊಳದಾಚೆ ಬೆಟ್ಟ. ಹದಿನೈದು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಅಮ್ಮ ನನ್ನ ತೋಳು ಜಗ್ಗಿದಳು.

"ಅಲ್ಲ ಕಣೋ, ಇಷ್ಟು ಗಾಜು ಒರೆಸಿ, ನೆಲ ಸಾರಿಸಿ ಎಲ್ಲ ಮಾಡ್ತಿದ್ದೋಳು ರಾತ್ರಿ ಎಲ್ಲಿ ಮಲಗ್ತಿದ್ದಳು? ಅವಳಿಗೊಂದು ಕೋಣೇನೇ ಕಾಣ್ತಿಲ್ವಲ್ಲ."

"ಈ ದೇಶದಲ್ಲಿ ಕೆಲಸದೋರು ಇರ್ತಿರಲಿಲ್ಲಮ್ಮ, ಎಲ್ಲ ಅವರವರೇ ಮಾಡ್ಕೋತಿದ್ರು" ಎಂದೆ.

ನಡುವೆ ಬಗ್ಗಿದ ಸೂರು

ಆ ಮನೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಹೇಳಬೇಕಾದ ಮನೆ. ಅದು ಇರುವ ಟ್ವಿನ್ ಪಾಮ್ಸ್ ಬಡಾವಣೆಯನ್ನು 1957ರಲ್ಲಿ ಕಟ್ಟಲಾರಂಭಿಸಿದವರು ಅಲೆಕ್ಸಾಂಡರ್ ಎಂಬ ತಂದೆ-ಮಗನ ಕಂಪನಿ. ವಿನ್ಯಾಸ ವಿಲಿಯಂ ಕ್ರೈಸೆಲ್ ಎಂಬ ವಾಸ್ತುಶಿಲ್ಪಿಯದು. ಪ್ರತಿ ಮನೆಯ ಮುಂದೆ ಎರಡೆರಡು ತಾಳೆಮರ ನೆಟ್ಟುಕೊಟ್ಟದ್ದರಿಂದ ಬಡಾವಣೆಗೆ ಆ ಹೆಸರು. ಸಿನಿಮಾ ತಾರೆಯರಿಗೆಂದೇ ಕಟ್ಟಿದ ಬಂಗಲೆಗಳಲ್ಲ ಇವು. ಲಾಸ್ ಏಂಜಲೀಸ್‌ನ ಮಧ್ಯಮ ವರ್ಗದವರು ವಾರಾಂತ್ಯಕ್ಕೆ ಬಂದು ಹೋಗಲೆಂದು, ಒಂದೇ ಅಚ್ಚಿನಲ್ಲಿ, ಅಗ್ಗವಾಗಿ, ಬೇಗ ಬೇಗ ಕಟ್ಟಿದವು. ಸುಮಾರು 1600 ಚದರ ಅಡಿಯ ಚೌಕಾಕಾರದ ಒಂದೇ ನಕ್ಷೆ. ಕ್ರೈಸೆಲ್ ಮಾಡಿದ ಉಪಾಯವೆಂದರೆ, ಅದೇ ನಕ್ಷೆಯನ್ನು ನಿವೇಶನದ ಮೇಲೆ ಒಂದು ಕಡೆ ನೇರವಾಗಿ, ಇನ್ನೊಂದು ಕಡೆ ಕಾಲು ಸುತ್ತು ತಿರುಗಿಸಿ ಕೂರಿಸಿದ್ದು, ರಸ್ತೆಯಿಂದ ಒಂದನ್ನು ಮುಂದೆ ಇನ್ನೊಂದನ್ನು ಹಿಂದೆ ಸರಿಸಿದ್ದು, ಸೂರಿನ ಆಕಾರವನ್ನು ಬದಲಿಸಿದ್ದು. ಒಳಗೆ ನಲ್ಲಿ, ಬಚ್ಚಲು, ಅಡುಗೆಮನೆ ಎಲ್ಲ ಇದ್ದಲ್ಲೇ ಇದ್ದುದರಿಂದ ಖರ್ಚು ಹೆಚ್ಚಲಿಲ್ಲ. ಬೀದಿಯಲ್ಲಿ ನಡೆದುಹೋಗುವವನಿಗೆ ಮಾತ್ರ ಒಂದು ಮನೆಯಂತೆ ಇನ್ನೊಂದು ಕಾಣುವುದಿಲ್ಲ.

ಆ ಸೂರುಗಳಲ್ಲಿ ಹೆಚ್ಚು ಹೆಸರಾದದ್ದು ಚಿಟ್ಟೆ ಚಾವಣಿ. ಸಾಮಾನ್ಯ ಹೆಂಚಿನ ಮನೆಯ ಸೂರು ನಡುವೆ ಎತ್ತರವಾಗಿದ್ದು ಎರಡೂ ಕಡೆಗೆ ಇಳಿಯುತ್ತದಲ್ಲ, ಇದು ಅದಕ್ಕೆ ತದ್ವಿರುದ್ಧ: ಎರಡು ರೆಕ್ಕೆಗಳು ಹೊರಗಡೆ ಎದ್ದು ನಡುವೆ ಬಗ್ಗಿರುತ್ತವೆ. ರೆಕ್ಕೆ ಎದ್ದ ಕಡೆ, ಗೋಡೆಗೂ ಸೂರಿಗೂ ನಡುವೆ ಉಳಿಯುವ ಮುಕ್ಕೋನದ ಸಂದಿಗೆ ಗಾಜು ಕೂರಿಸುತ್ತಾರೆ. ಭಾರವನ್ನೆಲ್ಲ ಕಂಬ ಮತ್ತು ತೊಲೆಗಳೇ ಹೊತ್ತಿರುವುದರಿಂದ ಗೋಡೆಗೆ ಹೊರುವ ಕೆಲಸವಿಲ್ಲ. ಸೂರು ಮನೆಯ ಮೇಲೆ ಕುಳಿತಂತೆ ಕಾಣದೆ ತೇಲುತ್ತಿರುವಂತೆ ಕಾಣುತ್ತದೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ಅಮ್ಮ ಹೊರಗೆ ನಿಂತು ಇದನ್ನು ಬಹಳ ಹೊತ್ತು ನೋಡಿದಳು. "ತೊಟ್ಟಿ ಮನೆ ಸೂರೇ ಇದು. ತೊಟ್ಟಿ ಒಂದು ಇಲ್ಲ ಅಷ್ಟೆ. ನೀರು ಎಲ್ಲಿಗೆ ಹೋಗತ್ತೆ?" ವರ್ಷಕ್ಕೆ ಐದು ಇಂಚಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಯಾರನ್ನೂ ಅಷ್ಟಾಗಿ ಕಾಡಿರಲಾರದು. ಆದರೆ ಅಮ್ಮನ ಕಣ್ಣು ಸರಿಯಾಗಿಯೇ ಹಿಡಿದಿತ್ತು: ನಮ್ಮ ತೊಟ್ಟಿ ಮನೆಗಳಲ್ಲಿಯೂ ನಾಲ್ಕು ಕಡೆಯ ಸೂರು ಒಳಕ್ಕೇ ಇಳಿಯುತ್ತದೆ. ಸೂರು ಹಾಗೆ ಒಳಮುಖವಾದಾಗ ಮನೆಯ ಮನಸ್ಸೂ ಬೀದಿಯನ್ನು ಬಿಟ್ಟು ಒಳಗಿನ ಅಂಗಳದ ಕಡೆ ತಿರುಗುತ್ತದೆ. ಟ್ವಿನ್ ಪಾಮ್ಸ್‌ನಲ್ಲಿ ಅಂಗಳದ ಜಾಗದಲ್ಲಿ ಈಜುಕೊಳ ಬಂದಿದೆ.

ಇನ್ನೊಂದು ನಂಟಂತೂ ಬರಿಯ ಹೋಲಿಕೆಯಲ್ಲ. ಪಾಮ್ ಸ್ಪ್ರಿಂಗ್ಸ್‌ನ ಗುರುತೇ ಆಗಿಹೋಗಿರುವ ತೂತಿನ ಕಾಂಕ್ರೀಟ್ ಬ್ಲಾಕುಗಳ ಗೋಡೆ ನಮ್ಮ ಸಿಮೆಂಟ್ ಜಾಲಿಯ ದಾಯಾದಿ. ಎಡ್ವರ್ಡ್ ಡ್ಯುರೆಲ್ ಸ್ಟೋನ್ ಎಂಬ ಅಮೆರಿಕನ್ ವಾಸ್ತುಶಿಲ್ಪಿ 1950ರ ದಶಕದಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರ ಕಚೇರಿ ಕಟ್ಟುವಾಗ ಭಾರತದ ಜಾಲಂದರಗಳನ್ನು ನೋಡಿ, ಇಡೀ ಕಟ್ಟಡಕ್ಕೆ ಅಂಥದೇ ಪರದೆ ತೊಡಿಸಿದ. ಅದು ಹೆಸರಾದ ಮೇಲೆ ಅಮೆರಿಕದ ಊರೂರುಗಳಲ್ಲಿ ತೂತಿನ ಬ್ಲಾಕುಗಳ ಹುಚ್ಚು ಹಬ್ಬಿತು. ಈಗ ಹೋಟೆಲಾಗಿರುವ ಪಾರ್ಕರ್‌ನ ಮುಂದಿನ ಬಿಳಿಯ ಬ್ಲಾಕುಗಳ ಗೋಡೆಯ ಎದುರು ನಿಂತು ಫೋಟೊ ತೆಗೆಸಿಕೊಳ್ಳಲು ಜನ ಸರದಿ ನಿಲ್ಲುತ್ತಾರೆ. ಮೈಸೂರಿನ ಸರಸ್ವತಿಪುರದಲ್ಲಿ 1964ರಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯ ವರಾಂಡಕ್ಕೂ ಅಂಥದೇ ಜಾಲಿ ಇದೆ. ಅದರ ಮುಂದೆ ಈಗ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಆ ನಿವೇಶನದಲ್ಲಿ ಎಂಟು ಫ್ಲಾಟು ಎಬ್ಬಿಸಬಹುದೆಂದು ಒಬ್ಬ ಬಿಲ್ಡರು ಎರಡು ವರ್ಷದಿಂದ ಫೋನು ಮಾಡುತ್ತಲೇ ಇದ್ದಾನೆ. ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟುಬಿಡು ಎಂದು ಅಮ್ಮನಿಗೆ ಒತ್ತಾಯ ಮಾಡುತ್ತಿರುವವನು ನಾನೇ. ಪಾಮ್ ಸ್ಪ್ರಿಂಗ್ಸ್‌ನ ಮನೆಗಳನ್ನು ಟಿಕೆಟ್ ಕೊಂಡು ನೋಡಿ ಮೆಚ್ಚುವವನೂ ನಾನೇ. ಇದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕೆಡವಲು ಹಣವಿಲ್ಲದ ಕಾಲ

ಪರಂಪರೆಯನ್ನು ಉಳಿಸಿಕೊಂಡ ಊರು ಎಂದು ಪಾಮ್ ಸ್ಪ್ರಿಂಗ್ಸನ್ನು ಹೊಗಳುವಾಗ ಒಂದು ಸಂಗತಿಯನ್ನು ಸಾಮಾನ್ಯವಾಗಿ ಮೆಲ್ಲಗೆ ಹೇಳುತ್ತಾರೆ: ಊರು ಬಹಳ ಕಾಲ ಇವನ್ನು ಉಳಿಸಿಕೊಳ್ಳಲೇ ಇಲ್ಲ, ಕೆಡವದೆ ಬಿಟ್ಟಿತು ಅಷ್ಟೆ. 1970ರ ದಶಕದಿಂದ ಹಣವೆಲ್ಲ ಕಣಿವೆಯ ಕೆಳಗಿನ ಊರುಗಳ ಹೊಸ ಗಾಲ್ಫ್ ಮೈದಾನಗಳ ಕಡೆಗೆ, ಹೊಸ ಮಾಲ್‌ಗಳ ಕಡೆಗೆ ಹರಿಯಿತು. ಪಾಮ್ ಸ್ಪ್ರಿಂಗ್ಸ್‌ನ ಪೇಟೆಬೀದಿಯಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿ ಲಾಭ ಮಾಡುವಷ್ಟು ನೆಲದ ಬೆಲೆಯೇ ಇರಲಿಲ್ಲ. 1990ರ ದಶಕದಲ್ಲಿ ಲಾಸ್ ಏಂಜಲೀಸ್‌ನಿಂದ ವಿನ್ಯಾಸಕಾರರು, ಛಾಯಾಗ್ರಾಹಕರು, ಮುಖ್ಯವಾಗಿ ಸಲಿಂಗಿ ದಂಪತಿಗಳು ಬಂದು, ಧೂಳು ಹಿಡಿದ ಈ ಮನೆಗಳನ್ನು ಅಗ್ಗಕ್ಕೆ ಕೊಂಡು, ಮೇಲೆ ಹಚ್ಚಿದ್ದ ಬಣ್ಣ ಕೆರೆದು, ಆಮೇಲೆ ಸೇರಿಸಿದ್ದ ಗೋಡೆಗಳನ್ನು ಕಿತ್ತು ಮೂಲದ ರೂಪಕ್ಕೆ ತಂದರು. ಊರಿನ ಇಂದಿನ ಹೆಸರಿಗೆ ಇವರೇ ಕಾರಣ ಎಂದರೆ ಹೆಚ್ಚು ಹೇಳಿದಂತಾಗದು.

ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕೌಫ್ಮನ್ ಮನೆಯ ಕಥೆ. ಪಿಟ್ಸ್‌ಬರ್ಗ್‌ನ ಅಂಗಡಿ ಮಾಲೀಕ ಕೌಫ್ಮನ್‌ಗಾಗಿ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರಲ್ಲಿ ಕಟ್ಟಿದ ಮನೆ. ಜಲಪಾತದ ಮೇಲೆ ಫ್ರಾಂಕ್ ಲಾಯ್ಡ್ ರೈಟ್‌ನಿಂದ ಮನೆ ಕಟ್ಟಿಸಿಕೊಂಡದ್ದೂ ಇದೇ ಕೌಫ್ಮನ್. 1947ರಲ್ಲಿ ಜೂಲಿಯಸ್ ಶುಲ್ಮನ್ ಮುಸ್ಸಂಜೆಯ ಬೆಳಕಿನಲ್ಲಿ ತೆಗೆದ ಚಿತ್ರ ಆ ಮನೆಯನ್ನು ಜಗತ್ತಿಗೆಲ್ಲ ಪರಿಚಯಿಸಿತು. ಆದರೆ ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ಒಂದು ಅಂಗಳ ಮುಚ್ಚಿಹೋಯಿತು, ಮಲಗುವ ಕೋಣೆಗಳಿಗೆ ಹೂವಿನ ಕಾಗದ ಅಂಟಿತು, ಸೂರಿನ ಮೇಲೆ ಏಸಿ ಯಂತ್ರಗಳು ಗೂನು ಬೆನ್ನಿನಂತೆ ಎದ್ದವು. 1990ರ ದಶಕದ ಆರಂಭದಲ್ಲಿ ಅದನ್ನು ಕೊಂಡ ದಂಪತಿಗಳು ಶುಲ್ಮನ್‌ನ ಸಂಗ್ರಹದಲ್ಲಿದ್ದ ಹಳೆಯ ಚಿತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಹಳೆಯ ರೂಪವನ್ನು ಹುಡುಕಿದರು. ಗೋಡೆಯ ಕಲ್ಲಿಗೆ ಕಲ್ಲು ಕೂಡಿಸಲು ಯೂಟಾ ರಾಜ್ಯದಲ್ಲಿ ಮೊದಲು ಕಲ್ಲು ತೆಗೆದಿದ್ದ ಕ್ವಾರಿಯನ್ನೇ ಮತ್ತೆ ತೆರೆಸಿದರು. ಸೂರಿನ ಅಂಚಿನ ತಗಡಿನ ಮಡಿಕೆ ಮೊದಲಿದ್ದಂತೆಯೇ ಬರಬೇಕೆಂದು ತಗಡು ಮಡಿಸುವ ಯಂತ್ರವನ್ನೇ ಕೊಂಡರು. ಆ ತಗಡಿನ ಮಡಿಕೆಯ ಬಗ್ಗೆ ಓದಿದಾಗಿನಿಂದ ನನಗೆ ಅದು ಮನಸ್ಸಿನಿಂದ ಹೋಗಿಲ್ಲ. ಉಳಿಸುವುದು ಎಂದರೆ ಕೊನೆಗೆ ಇಷ್ಟೇ: ಬೀದಿಯಲ್ಲಿ ನಿಂತವನ ಕಣ್ಣಿಗೆ ಬೀಳದ ಒಂದು ಬೆರಳಗಲದ ಮಡಿಕೆಯನ್ನು ಸರಿಯಾಗಿ ಮಡಿಸುವ ಹಟ.

ಎಲ್ಲ ಮನೆಗಳಿಗೂ ಈ ಭಾಗ್ಯವಿರಲಿಲ್ಲ. ಪಕ್ಕದ ರ‍್ಯಾಂಚೊ ಮಿರಾಜ್‌ನಲ್ಲಿ ಅದೇ ನ್ಯೂಟ್ರಾ 1962ರಲ್ಲಿ ಕಟ್ಟಿದ್ದ ಮಾಸ್ಲನ್ ಮನೆಯನ್ನು 2002ರಲ್ಲಿ ಹೊಸದಾಗಿ ಕೊಂಡವರು ಕೆಲವೇ ವಾರಗಳಲ್ಲಿ ನೆಲಸಮ ಮಾಡಿದರು. ಕಾನೂನಿನಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅದು ಕಣಿವೆಯ ಜನರಿಗೆ ಕೆನ್ನೆಗೆ ಬಿದ್ದ ಪೆಟ್ಟಾಯಿತು. ಪಾಮ್ ಸ್ಪ್ರಿಂಗ್ಸ್‌ನಲ್ಲಿ ಆ ಹೊತ್ತಿಗಾಗಲೇ ಸಂರಕ್ಷಣೆಯ ಸಂಘಗಳು ಹುಟ್ಟಿದ್ದವು. ಕಟ್ಟಡಗಳನ್ನು ನಗರದ ಐತಿಹಾಸಿಕ ಪಟ್ಟಿಗೆ ಸೇರಿಸುವುದಕ್ಕೆ ಹೆಚ್ಚು ಬಲ ಬಂತು. ಕ್ಯಾಲಿಫೋರ್ನಿಯದ ಮಿಲ್ಸ್ ಕಾಯ್ದೆ 1972ರಿಂದಲೇ ಇದೆ: ಮನೆಯನ್ನು ಮೂಲರೂಪದಲ್ಲಿ ಉಳಿಸಿಕೊಳ್ಳುತ್ತೇನೆಂದು ನಗರಸಭೆಯೊಡನೆ ಕರಾರು ಮಾಡಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ. ಪುಣ್ಯದ ಮಾತಿಗಿಂತ ತೆರಿಗೆಯ ರಿಯಾಯಿತಿ ಹೆಚ್ಚು ಮನೆಗಳನ್ನು ಉಳಿಸುತ್ತದೆ ಎಂದು ನನಗೆ ಅನಿಸುತ್ತದೆ. ನಮ್ಮ ಊರುಗಳಲ್ಲಿ ಅರಮನೆಗೆ, ದೇವಸ್ಥಾನಕ್ಕೆ ಕಾನೂನಿನ ರಕ್ಷೆಯಿದೆ; 1964ರ ಒಂದು ವರಾಂಡವನ್ನು ಉಳಿಸಿಕೊಂಡವಳಿಗೆ ಹಾಗೆ ಕೈಹಿಡಿಯುವವರು ಯಾರೂ ನಮ್ಮ ಬಾಗಿಲಿಗಂತೂ ಬಂದಿಲ್ಲ. ಅತ್ತ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಒಂದು ಪೆಟ್ರೋಲ್ ಬಂಕೂ ಉಳಿದಿದೆ. ಆಲ್ಬರ್ಟ್ ಫ್ರೇ ಮತ್ತು ರಾಬ್ಸನ್ ಚೇಂಬರ್ಸ್ 1965ರಲ್ಲಿ ಕಟ್ಟಿದ, ಆಕಾಶಕ್ಕೆ ಚಾಚಿದ ಕೊಕ್ಕಿನಂಥ ಸೂರಿನ ಆ ಬಂಕು 2003ರಿಂದ ಪ್ರವಾಸಿ ಮಾಹಿತಿ ಕೇಂದ್ರವಾಗಿದೆ. ಸ್ಟೂವರ್ಟ್ ವಿಲಿಯಮ್ಸ್ 1961ರಲ್ಲಿ ಕಟ್ಟಿದ ಬ್ಯಾಂಕು 2014ರಿಂದ ವಾಸ್ತುಶಿಲ್ಪದ ಸಂಗ್ರಹಾಲಯವಾಗಿದೆ.

ಬಂಡೆಗೆ ಜಾಗ ಬಿಟ್ಟ ಮನೆ

ಮರುದಿನ ಬೆಳಿಗ್ಗೆ ಅಮ್ಮ ಹೋಟೆಲಿನಲ್ಲಿಯೇ ಉಳಿದಳು, ನಾನೊಬ್ಬನೇ ಫ್ರೇಯ ಮನೆಗೆ ಹೋದೆ. ಸ್ವಿಟ್ಜರ್ಲೆಂಡ್‌ನವನಾದ ಆಲ್ಬರ್ಟ್ ಫ್ರೇ ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಬಳಿ ಕೆಲಸ ಕಲಿತು, 1934ರಲ್ಲಿ ಒಂದು ಸಣ್ಣ ಕಟ್ಟಡದ ಕೆಲಸಕ್ಕೆಂದು ಪಾಮ್ ಸ್ಪ್ರಿಂಗ್ಸ್‌ಗೆ ಬಂದು, ಮರುಭೂಮಿಯ ಮೋಹಕ್ಕೆ ಬಿದ್ದು, ಅಲ್ಪಸ್ವಲ್ಪ ಕಾಲ ಬಿಟ್ಟರೆ 1998ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಉಳಿದವನು. ತನಗೆಂದು ಅವನು 1964ರಲ್ಲಿ ಕಟ್ಟಿ ಮುಗಿಸಿದ ಮನೆ ಬೆಟ್ಟದ ಪಕ್ಕೆಯಲ್ಲಿ, ಊರಿಗಿಂತ ಇನ್ನೂರು ಅಡಿ ಮೇಲಿದೆ. ಕಟ್ಟುವ ಮೊದಲು ಒಂದು ವರ್ಷ ಅಲ್ಲಿ ಕೋಲು ನೆಟ್ಟು, ಯಾವ ತಿಂಗಳಲ್ಲಿ ಸೂರ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ ಎಂದು ಅಳೆದನಂತೆ. ಪರಿಣಾಮವಾಗಿ ಚಳಿಗಾಲದ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯದು ಸೂರಿನ ಅಂಚಿನಲ್ಲೇ ನಿಲ್ಲುತ್ತದೆ. 2024ರ ಜುಲೈ 5ರಂದು ಆ ಊರಿನಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಟಿ ಹಿಂದಿನ ದಾಖಲೆಗಳೆಲ್ಲ ಮುರಿದವು ಎಂದು ಹೇಳಿದರೆ, ಆ ಅಂಚು ಎಷ್ಟು ಮುಖ್ಯವೆಂದು ನಮ್ಮ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಎಂಟುನೂರು ಚದರ ಅಡಿಯಷ್ಟಿದೆ, ಅಷ್ಟೆ. ನಿವೇಶನದಲ್ಲಿ ಒಂದು ದೊಡ್ಡ ಬಂಡೆ ಇತ್ತು. ಒಡೆಸಬಹುದಿತ್ತು, ಸಿಡಿಸಬಹುದಿತ್ತು. ಫ್ರೇ ಅದನ್ನು ಇದ್ದಲ್ಲೇ ಬಿಟ್ಟು ಸುತ್ತ ಮನೆ ಕಟ್ಟಿದ. ಗಾಜನ್ನು ಬಂಡೆಯ ಏರುಪೇರಿಗೆ ತಕ್ಕಂತೆ ಕತ್ತರಿಸಿ ಕೂರಿಸಿದ. ಬಂಡೆ ಹೊರಗಿನಿಂದ ಗಾಜನ್ನು ದಾಟಿ ಒಳಗೆ ಬಂದು, ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಅಡ್ಡಗೋಡೆಯಾಗಿ ಮಲಗಿದೆ. ಬಂಡೆಯ ಮೈಗೇ ದೀಪದ ಒಂದು ಸ್ವಿಚ್ಚು ಇದೆ. ಪರದೆಗಳು ಹಳದಿ, ವಸಂತದಲ್ಲಿ ಆ ಬೆಟ್ಟದ ತುಂಬ ಅರಳುವ ಕಾಡುಹೂವಿನ ಹಳದಿ. ನಮ್ಮ ಗುಂಪಿನಲ್ಲಿ ಆರೇಳು ಜನರಿದ್ದೆವು, ಯಾರೂ ಹೆಚ್ಚು ಮಾತಾಡಲಿಲ್ಲ. ನಾನು ಬಂಡೆಯ ಮೇಲೆ ಅಂಗೈ ಇಟ್ಟೆ. ಒಳಗಿದ್ದ ಭಾಗ ತಣ್ಣಗಿತ್ತು. ಗಾಜಿನಾಚೆ ಅದೇ ಬಂಡೆಯ ಮೇಲೆ ಆಗಲೇ ಬಿಸಿಲು ಬಿದ್ದಿತ್ತು, ಒಂದು ಓತಿಕ್ಯಾತ ಮೈಕಾಯಿಸುತ್ತಿತ್ತು.

ಮೊದಲೇ ಅಲ್ಲಿದ್ದದ್ದಕ್ಕೆ ಜಾಗ ಬಿಟ್ಟು ಕಟ್ಟುವುದು. ಆ ಮನೆಯ ಬಗ್ಗೆ ಎಲ್ಲರೂ ಹೇಳುವ ಮಾತು ಇದು, ನಾನೂ ಹಿಂದೆ ಗೆಳೆಯರಿಗೆ ಹೇಳಿದ್ದೆ. ಈ ಸಲ ಅಲ್ಲಿಂದ ಕೆಳಗೆ ಹರಡಿದ್ದ ಊರನ್ನು ನೋಡುವಾಗ ಮಾತ್ರ ಅಮ್ಮನ ಪ್ರಶ್ನೆ ಮತ್ತೆ ಎದ್ದು ಬಂತು. ಏಕೆಂದರೆ ಉತ್ತರ ಅಲ್ಲಿಂದ ಕಾಣುತ್ತದೆ. ಪೇಟೆಬೀದಿಯ ಪಕ್ಕದಲ್ಲೇ, ಒಂದು ಚದರ ಮೈಲಿಯ ಒಂದು ಚೌಕ.

ಹದಿನಾಲ್ಕನೆಯ ಚೌಕ

ಅಗ್ವಾ ಕಾಲಿಯೆಂಟೆ ಬುಡಕಟ್ಟಿನ ಕವೀಯಾ ಜನ ಆ ಕಣಿವೆಯ ಮೂಲದವರು. ಊರಿಗೆ ಹೆಸರು ತಂದ ಬಿಸಿನೀರಿನ ಬುಗ್ಗೆ ಅವರದು. ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಇಡೀ ಕಣಿವೆಯನ್ನು ಚದುರಂಗದ ಮಣೆಯಂತೆ ಚದರ ಮೈಲಿಗಳಾಗಿ ಗೆರೆ ಎಳೆದು, ಬೆಸ ಸಂಖ್ಯೆಯ ಚೌಕಗಳನ್ನು ರೈಲ್ವೆ ಕಂಪನಿಗೂ ಸಮ ಸಂಖ್ಯೆಯವನ್ನು ಬುಡಕಟ್ಟಿಗೂ ಹಂಚಿತು. ಹದಿನಾಲ್ಕನೆಯ ಚೌಕ, ಅಂದರೆ ಎಲ್ಲರೂ ಸೆಕ್ಷನ್ 14 ಎನ್ನುವ ಜಾಗ, ಬಿಸಿನೀರಿನ ಬುಗ್ಗೆ ಇರುವ ಚೌಕ. ಊರು ಬೆಳೆದು ಅದರ ಪಕ್ಕಕ್ಕೇ ಬಂತು. ಆದರೆ 1955ರವರೆಗೆ ಬುಡಕಟ್ಟಿನ ನೆಲವನ್ನು ಐದು ವರ್ಷಕ್ಕಿಂತ ಹೆಚ್ಚು ಗುತ್ತಿಗೆ ಕೊಡುವಂತಿರಲಿಲ್ಲವಾದ್ದರಿಂದ ಅಲ್ಲಿ ದೊಡ್ಡ ಕಟ್ಟಡ ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಬಂದವರು ಬೇರೆ ಎಲ್ಲಿಯೂ ಮನೆ ಸಿಗದವರು. ಕಪ್ಪು ಜನರಿಗೆ, ಮೆಕ್ಸಿಕನ್ ಮೂಲದವರಿಗೆ ಊರಿನ ಉಳಿದ ಕಡೆ ಮನೆ ಮಾರದ, ಬಾಡಿಗೆಗೆ ಕೊಡದ ಕಾಲ. ಅವರು ಬುಡಕಟ್ಟಿನವರಿಂದ ನೆಲ ಬಾಡಿಗೆಗೆ ಹಿಡಿದು ಕೈಯಾರೆ ಸಣ್ಣ ಮನೆಗಳನ್ನು ಕಟ್ಟಿಕೊಂಡರು. ಬಡಗಿಗಳು, ಗಾರೆಯವರು, ತೋಟದವರು, ಹೋಟೆಲಿನ ಅಡುಗೆಯವರು, ಮನೆಗೆಲಸದವರು. ಆ ಗಾಜು ಒರೆಸುತ್ತಿದ್ದಂಥವರು ರಾತ್ರಿ ಮಲಗುತ್ತಿದ್ದದ್ದು ಅಲ್ಲಿ.

1959ರಲ್ಲಿ ಕಾನೂನು ಬದಲಾಗಿ 99 ವರ್ಷದ ಗುತ್ತಿಗೆ ಸಾಧ್ಯವಾಯಿತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಆ ನೆಲಕ್ಕೆ ಚಿನ್ನದ ಬೆಲೆ ಬಂತು. ಬುಡಕಟ್ಟಿನ ಹಲವರ ಆಸ್ತಿಯನ್ನು ನೋಡಿಕೊಳ್ಳಲೆಂದು ನ್ಯಾಯಾಲಯ ಪಾಲಕರನ್ನು ನೇಮಿಸಿತ್ತು. ಆ ಪಾಲಕರು ನೆಲದ ಒಡೆಯರಿಗಿಂತ ತಮ್ಮ ಜೇಬನ್ನು ಹೇಗೆ ನೋಡಿಕೊಂಡರು ಎಂಬುದನ್ನು ಬಯಲಿಗೆಳೆದದ್ದಕ್ಕೆ ರಿವರ್‌ಸೈಡ್‌ನ ಪ್ರೆಸ್-ಎಂಟರ್‌ಪ್ರೈಸ್ ಪತ್ರಿಕೆಗೆ 1968ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. ಬಾಡಿಗೆದಾರರಿಗೆ ನೋಟೀಸು ಹೋಯಿತು, ಹಿಂದೆಯೇ ನಗರದ ಬುಲ್ಡೋಜರು. ಕೆಡವಿದ್ದನ್ನು ಸುಟ್ಟವರು ನಗರದ ಅಗ್ನಿಶಾಮಕ ದಳದವರು. ಕೆಲಸದಿಂದ ಮನೆಗೆ ಬಂದಾಗ ಮನೆಯೇ ಇರಲಿಲ್ಲ ಎಂದು ಅಂದು ಮಕ್ಕಳಾಗಿದ್ದವರು ಇಂದಿಗೂ ಹೇಳುತ್ತಾರೆ. 1966ರ ಹೊತ್ತಿಗೆ ಎಲ್ಲ ಮುಗಿದಿತ್ತು. 1968ರಲ್ಲಿ ಕ್ಯಾಲಿಫೋರ್ನಿಯದ ಅಟಾರ್ನಿ ಜನರಲ್ ಕಚೇರಿಯ ವರದಿ ಇದನ್ನು ನಗರವೇ ಯೋಜಿಸಿ ನಡೆಸಿದ ಸಂಹಾರ ಎಂದು ಕರೆಯಿತು. ನಗರಸಭೆ ಕ್ಷಮೆ ಕೇಳಲು 2021 ಬರಬೇಕಾಯಿತು. 2024ರ ನವೆಂಬರಿನಲ್ಲಿ, ಎಂದರೆ ನಾವು ಹೋಗುವ ಮೂರು ತಿಂಗಳ ಹಿಂದೆ, ಅಲ್ಲಿದ್ದವರಿಗೂ ಅವರ ಸಂತತಿಗೂ 59 ಲಕ್ಷ ಡಾಲರು ಕೊಡಲು ಒಪ್ಪಿತು.

ವರ್ಷಗಳನ್ನು ಒಮ್ಮೆ ಜೋಡಿಸಿ ನೋಡಬೇಕು. ಟ್ವಿನ್ ಪಾಮ್ಸ್ 1957. ಫ್ರೇ ಸೂರ್ಯನನ್ನು ಅಳೆದು ಮನೆ ಕಟ್ಟಿ ಮುಗಿಸಿದ್ದು 1964. ಆಕಾಶಕ್ಕೆ ಕೊಕ್ಕು ಚಾಚಿದ ಬಂಕು 1965. ನಾವು ಟಿಕೆಟ್ ಕೊಂಡು ಆಚರಿಸುವ ದಶಕವೂ ಆ ಚೌಕ ಹೊತ್ತಿ ಉರಿದ ದಶಕವೂ ಒಂದೇ. ಇದನ್ನು ತಿಳಿದ ಮೇಲೆ ಆ ಮನೆಗಳು ಕುರೂಪವಾಗಿ ಕಾಣುತ್ತವೆಯೇ ಎಂದರೆ, ಇಲ್ಲ. ಕ್ರೈಸೆಲ್‌ನ ಸೂರು ಈಗಲೂ ತೇಲುತ್ತದೆ. ಮನೆ ಕಟ್ಟಿದವರ ಕೈಚಳಕದ ಒಂದು ಪಾಲು ಆ ಚೌಕದಿಂದ ಬೆಳಿಗ್ಗೆ ಎದ್ದು ಬಂದವರದೂ ಆಗಿರುವಾಗ, ಮನೆಯನ್ನು ಕೆಡವಿದರೆ ಅವರ ಗುರುತೂ ಹೋಗುತ್ತದೆ. ನನ್ನ ತಕರಾರು ಇರುವುದು ಕಥೆ ಹೇಳುವ ರೀತಿಯ ಬಗ್ಗೆ. ಕಿತ್ತಳೆ ಬಣ್ಣದ ಬಾಗಿಲು, ಕೈಯಲ್ಲಿ ಮಾರ್ಟಿನಿ ಲೋಟ, ಸಿನಾಟ್ರಾನ ಹಾಡು ಎಂದು ಹೇಳುತ್ತ ಹೋದರೆ ಅದು ಒಂದು ಊರಿನ ಕಥೆಯಾಗದೆ ಒಂದು ಪಾರ್ಟಿಯ ಕಥೆಯಾಗುತ್ತದೆ. ಮಧ್ಯಮ ವರ್ಗಕ್ಕೆಂದು ಅಗ್ಗವಾಗಿ ಕಟ್ಟಿದ ಅದೇ 1600 ಚದರ ಅಡಿಯ ಮನೆ ಈಗ ಹತ್ತು ಲಕ್ಷ ಡಾಲರಿಗೂ ಮೇಲೆ ಹೋಗುತ್ತದೆ ಎಂಬುದೂ ಆ ಪಾರ್ಟಿಯ ಬಿಲ್ಲಿನಲ್ಲಿ ಸೇರಿಕೊಂಡಿದೆ.

ಬುಡಕಟ್ಟಿನ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಬೇರೆ. ಬಿಸಿನೀರಿನ ಬುಗ್ಗೆಯ ಮೇಲೆ 1960ರ ಸುಮಾರಿಗೆ ವಿಲಿಯಂ ಕೋಡಿ, ಡೊನಾಲ್ಡ್ ವೆಕ್ಸ್‌ಲರ್ ಮುಂತಾದವರು ಸೇರಿ ಕಟ್ಟಿದ್ದ ಸ್ನಾನಗೃಹವನ್ನು, ಅದರ ಮುಂದಿನ ಸೊಗಸಾದ ಕಂಬಸಾಲನ್ನು, ಬುಡಕಟ್ಟು 2014ರಲ್ಲಿ ಕೆಡವಿತು. ಸಂರಕ್ಷಣೆಯವರು ಹೌಹಾರಿದರು, ಆದರೆ ನೆಲ ಬುಡಕಟ್ಟಿನದು, ನಗರದ ಪಟ್ಟಿ ಅಲ್ಲಿ ನಡೆಯುವುದಿಲ್ಲ. 2023ರಲ್ಲಿ ಆ ಜಾಗದಲ್ಲಿ ಅವರದೇ ಸಂಗ್ರಹಾಲಯವೂ ಹೊಸ ಸ್ನಾನಗೃಹವೂ ತೆರೆದವು. ಹಳೆಯ ಕಂಬಸಾಲಿನ ಚಿತ್ರ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ನಿಜ. ಸಾವಿರಾರು ವರ್ಷ ತಮ್ಮದಾಗಿದ್ದ ಬುಗ್ಗೆಯ ಮೇಲೆ ಅರವತ್ತು ವರ್ಷದ ಹಿಂದೆ ಬೇರೆಯವರು ಕಟ್ಟಿದ್ದನ್ನು ಕಾಪಾಡುವ ಹೊಣೆ ಅವರ ಮೇಲೆ ಹೇಗೆ ಬರುತ್ತದೆ ಎಂದು ಕೇಳಿಕೊಂಡರೆ ನನ್ನ ಬಳಿ ಉತ್ತರವಿಲ್ಲ.

ಹಿತ್ತಲ ನಕ್ಷೆ

ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಆ ಚೌಕದಲ್ಲಿ ಕಾರಿನಲ್ಲಿ ಒಂದು ಸುತ್ತು ಬಂದೆ. ಹೋಟೆಲುಗಳು, ಸಮ್ಮೇಳನ ಭವನ, ಕ್ಯಾಸಿನೊ. ನಡುನಡುವೆ ತಂತಿ ಬೇಲಿಯೊಳಗೆ ಮರಳು ಮತ್ತು ಕುರುಚಲು ಗಿಡಗಳ ಖಾಲಿ ನಿವೇಶನಗಳು. ಹಿಂದಿನ ದಿನ ನಾನು ಹೇಳಿದ್ದು ತಪ್ಪು ಎಂದು ಅಲ್ಲಿ ಒಂದು ಬೇಲಿಯ ಪಕ್ಕ ಕಾರು ನಿಲ್ಲಿಸಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಕಿಟಕಿಯಿಂದ ಖಾಲಿ ಜಾಗವನ್ನೇ ನೋಡುತ್ತಿದ್ದಳು. "ಬಾವಿ ಎಲ್ಲಿತ್ತೋ ಏನೋ" ಎಂದಳು, ಅಷ್ಟೆ.

ಹೊರಡುವ ಮುನ್ನ ನಗರಸಭೆಯ ಕಟ್ಟಡ ನೋಡಿದೆವು. ಫ್ರೇ ಮತ್ತು ಸಂಗಡಿಗರು 1952ರಲ್ಲಿ ವಿನ್ಯಾಸ ಮಾಡಿದ್ದು. ಓರೆಯಾಗಿ ಕತ್ತರಿಸಿದ ಲೋಹದ ಕೊಳವೆಗಳನ್ನು ಜೋಡಿಸಿ ಕಿಟಕಿಗಳಿಗೆ ಬಿಸಿಲ ಮರೆ ಮಾಡಿದ್ದಾರೆ. ಮುಂಬಾಗಿಲ ಸೂರಿನಲ್ಲಿ ದೊಡ್ಡದೊಂದು ದುಂಡು ತೂತು, ತೂತಿನ ಮೂಲಕ ತಾಳೆಮರಗಳು ಮೇಲಕ್ಕೆ ಹೋಗಿವೆ. ಸಭಾಂಗಣದ ಪ್ರವೇಶದ ಮೇಲೆ 'ಜನರೇ ನಗರ' ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು. ಆ ಅಕ್ಷರಗಳ ಒಳಗೆ ಕುಳಿತೇ ಅಂದಿನ ನಗರಸಭೆ ಕೆಲಸ ಮಾಡಿದ್ದು. 1958ರಿಂದ 1966ರವರೆಗೆ ಮೇಯರ್ ಆಗಿದ್ದ ಫ್ರಾಂಕ್ ಬೋಗರ್ಟ್‌ನ ಕುದುರೆ ಸವಾರಿಯ ಪ್ರತಿಮೆ ಕಟ್ಟಡದ ಮುಂದೆ ಇತ್ತು. ಬಹಳ ಜಗಳವಾಗಿ 2022ರಲ್ಲಿ ಅದನ್ನು ತೆಗೆದರು. ಕಟ್ಟಡ ಉಳಿದಿದೆ, ಅಕ್ಷರಗಳೂ ಉಳಿದಿವೆ. ಅವು ಉಳಿಯಲೇಬೇಕು ಎಂದು ನನ್ನ ಅಭಿಪ್ರಾಯ.

ಆ ರಾತ್ರಿ ಅರ್ವೈನ್‌ಗೆ ಬಂದು ಊಟವಾದ ಮೇಲೆ ಅಮ್ಮ ಪರ್ಸಿನಿಂದ ನೀಲಿ ಕಾಲುಚೀಲವನ್ನೂ ಟೂರಿನ ನಕ್ಷೆಯನ್ನೂ ಹೊರತೆಗೆದಳು. ನಕ್ಷೆಯ ಹಿಂಬದಿ ಖಾಲಿಯಿತ್ತು. ಪೆನ್ನು ಕೇಳಿ ಸರಸ್ವತಿಪುರದ ಮನೆಯನ್ನು ಬರೆಯತೊಡಗಿದಳು. ಹೈಸ್ಕೂಲು ಟೀಚರಾಗಿದ್ದವಳ ಕೈ, ಗೆರೆ ನೇರವಾಗಿಯೇ ಬರುತ್ತದೆ. ವರಾಂಡ, ಜಾಲಿ, ನಡುಮನೆ, ದೇವರ ಮನೆ, ಅಡುಗೆಮನೆ. ನಾನು ಬಿಲ್ಡರಿನ ಮಾತು ಬರಬಹುದೆಂದು ಕಾಯುತ್ತಿದ್ದೆ. ಅವಳು ಅಡುಗೆಮನೆಯ ಹಿಂದೆ ಬಾವಿಯ ಒಂದು ಸೊನ್ನೆ ಬರೆದು, ಬಾವಿಯ ಆಚೆ, ಕಾಂಪೌಂಡಿಗೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ಚೌಕ ಬರೆದಳು.

"ಇದೇನು?"

"ಹಿತ್ತಲ ಕೋಣೆ. ಎಂಬತ್ತಮೂರರಲ್ಲಿ ನಿಮ್ಮಪ್ಪ ಸ್ಕೂಟರಿಗೆ ಶೆಡ್ಡು ಬೇಕು ಅಂತ ಕೆಡವಿಸಿದ್ದು. ನೀನು ಮರೆತಿರ್ತೀಯ, ಸಣ್ಣವನು."

ಮರೆತಿರಲಿಲ್ಲ. ಕೋಣೆ ಮರೆತಿತ್ತು, ಅವಳು ನೆನಪಿದ್ದಳು. ನಮ್ಮ ಮನೆಯ ಕೆಂಪು ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು ಎಂದು ಇಲ್ಲಿನ ಗೆಳೆಯರಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಕೊಬ್ಬರಿ ಎಣ್ಣೆಯ ಬಟ್ಟೆ ಹಿಡಿದು ಮಂಡಿಯೂರಿ ಅದನ್ನು ಉಜ್ಜುತ್ತಿದ್ದವಳು ಅವಳು. ಅಮ್ಮ ಚೌಕದೊಳಗೆ ಒಂದು ಮೂಲೆಯಲ್ಲಿ ಒಲೆಯ ಗುರುತು ಹಾಕಿದಳು. ಪೆನ್ನನ್ನು ಎತ್ತಿ ಸ್ವಲ್ಪ ಯೋಚಿಸಿ, ಬಾಗಿಲು ನಮ್ಮ ಬಾವಿಯ ಕಡೆಗಿತ್ತೋ ಹಿಂದಿನ ಗಲ್ಲಿಯ ಕಡೆಗಿತ್ತೋ ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಆಮೇಲೆ ಗಲ್ಲಿಯ ಕಡೆಗೆ ಒಂದು ಸಣ್ಣ ಗೆರೆ ಎಳೆದು, ಅದನ್ನು ಹೊಡೆದುಹಾಕಿ, ಬಾವಿಯ ಕಡೆಗೆ ಎಳೆದಳು.